ತೆರೆದಿಟ್ಟ ಸೀಟು

ಮೇ 19, ಸೋಮವಾರ

ಪ್ರಬಂಧ ಒಪ್ಪಿಸಲು ಇನ್ನು ನಲವತ್ತೆರಡು ದಿನ. ಇಂದಿನಿಂದ ಇದರಲ್ಲಿ ಬರೆಯುವುದು ಎಂದು ತೀರ್ಮಾನಿಸಿದ್ದೇನೆ. ಬೈಯಲು ಮನುಷ್ಯರು ಸಿಗದಾಗ ಕಾಗದವಾದರೂ ಇರಲಿ.

ಇಂದಿನ ಬೈಗುಳ ಪೈಬಸ್ಸಮ್ಮನಿಗೆ. ಪೂರ್ತಿ ಹೆಸರು ಮಾರ್ಲೀನ್ ಪೈಬಸ್, ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಜ್ಞಾನ ವಿಭಾಗ ನೋಡಿಕೊಳ್ಳುವವಳು. ಪ್ರಪಂಚದಲ್ಲಿ ಯಾರು ಯಾವ ಅಣುವನ್ನು ಯಾವಾಗ ಹೇಗೆ ತಯಾರಿಸಿದರು ಎಂಬುದೆಲ್ಲ ರಸಾಯನಶಾಸ್ತ್ರದ ಡೇಟಾಬೇಸಿನಲ್ಲಿದೆ. ಆದರೆ ಇಡೀ ವಿಶ್ವವಿದ್ಯಾಲಯಕ್ಕೆ ಇರುವುದು ನಾಲ್ಕೇ ಸೀಟು. ಒಂದು ಹೊತ್ತಿಗೆ ನಾಲ್ಕು ಜನ ಒಳಗಿದ್ದರೆ ಐದನೆಯವರು ಹೊರಗೆ ನಿಂತು ಉಗುರು ಕಚ್ಚಬೇಕು. "ಕೆಲಸ ಮುಗಿದ ಕೂಡಲೇ ಲಾಗೌಟ್ ಆಗಿ, ಬೇರೆಯವರಿಗೂ ಅವಕಾಶ ಕೊಡಿ" ಎಂದು ತಿಂಗಳಿಗೊಂದು ಮೇಲ್ ಬರುತ್ತದೆ. ಯಾರೂ ಪೂರ್ತಿ ಓದುವುದಿಲ್ಲ.

ನಮ್ಮ ಲ್ಯಾಬಿನವರು ಉಗುರು ಕಚ್ಚುವ ಪೈಕಿ ಅಲ್ಲ. ಆಪಿಸಾಯಿ ಬೆಳಿಗ್ಗೆ ಆರೂವರೆಗೇ ಬಂದು ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ತನ್ನ ಹೆಸರು, ತನ್ನ ಪಾಸ್‌ವರ್ಡ್ ಹಾಕಿ ಒಂದು ಸೀಟು ಹಿಡಿಯುತ್ತಾನೆ. ಬಸ್ಸಿನ ಕಿಟಕಿಯಲ್ಲಿ ಟವೆಲು ಹಾಕಿದ ಹಾಗೆ. ಸಂಜೆಯವರೆಗೆ ಅದನ್ನು ಯಾರೂ ಮುಚ್ಚುವುದಿಲ್ಲ. ಹದಿನೈದು ನಿಮಿಷ ಸುಮ್ಮನಿದ್ದರೆ ಅದೇ ಹೊರದಬ್ಬುತ್ತದೆ, ಅದಕ್ಕೇ ಆ ಕಡೆ ಹಾದುಹೋಗುವವರೆಲ್ಲ ಮೌಸನ್ನು ಒಮ್ಮೆ ಅಲ್ಲಾಡಿಸಿ ಹೋಗಬೇಕು ಎಂಬುದು ಲ್ಯಾಬಿನ ಕಟ್ಟಳೆ. ಹೊಸದಾಗಿ ಸೇರಿದವರಿಗೆ ಬೆಂಕಿ ಆರಿಸುವುದಕ್ಕಿಂತ ಮೊದಲು ಇದನ್ನೇ ಕಲಿಸುತ್ತೇವೆ. ಹುಡುಕುವವರು ಐದು ಜನ, ಹೆಸರು ಒಬ್ಬನದು.

"ನಿನ್ನ ಸಿಂಹಾಸನ ಬೆಚ್ಚಗೆ ಮಾಡಿಟ್ಟಿದೀನಿ, ಬಾ ಮಹಾರಾಣಿ," ಅಂದ ಇವತ್ತು. ಫಿಜಿಯ ಕಡಾವು ದ್ವೀಪದವನು, ಎರಡನೇ ವರ್ಷದಲ್ಲಿದ್ದಾನೆ. ಇಷ್ಟೆತ್ತರದ ಆಳು, ಹೋಬಾರ್ಟಿನ ಮೇ ತಿಂಗಳ ಚಳಿಗೆ ಎರಡು ಸ್ವೆಟರ್ ಹಾಕಿಕೊಂಡು ಮಗುವಿನ ಹಾಗೆ ಕೂತಿರುತ್ತಾನೆ.

ಮೇ 22, ಗುರುವಾರ

ಮೂವತ್ತೊಂಬತ್ತು ದಿನ. ಗ್ರೇಮ್ ಹೆಡ್ಲಾಮ್, ನನ್ನ ಮಾರ್ಗದರ್ಶಕ ಮಹಾಶಯ, ಇವತ್ತು ಐದನೇ ಅಧ್ಯಾಯ ಓದಿ ಕನ್ನಡಕ ತೆಗೆದ. ಆತ ಕನ್ನಡಕ ತೆಗೆದರೆ ಒಂದು ತಿಂಗಳ ಕೆಲಸ ಬಂತು ಎಂದೇ ಅರ್ಥ.

"ನಿನ್ನ ತಾಮ್ರದ ವಿಧಾನ ಚೆನ್ನಾಗಿದೆ ಅಂತ ನೀನು ಹೇಳಿದ್ರೆ ಆಯ್ತಾ? ಈ ಕೆಲಸಕ್ಕೆ ಯಾರ್ಯಾರು ತಾಮ್ರ ಬಳಸಿದಾರೋ ಎಲ್ಲರ ಪಟ್ಟಿ ಬೇಕು. ಪಕ್ಕದಲ್ಲಿ ನಿಂದು. ಪರೀಕ್ಷಕರು ಅದನ್ನೇ ಮೊದಲು ನೋಡೋದು."

"ಎಲ್ಲರದ್ದು ಅಂದ್ರೆ ಆರು ಸಾವಿರ ದಾಖಲೆ ಇದೆ, ಗ್ರೇಮ್."

"ಹಾಗಿದ್ರೆ ಬೇಗ ಶುರು ಮಾಡು."

ಒಂದೊಂದೇ ತೆರೆದು ಇಳಿಸಿಕೊಳ್ಳುತ್ತಾ ಕೂತರೆ ನನ್ನ ತಲೆ ನರೆಯುತ್ತದೆ. ನನ್ನ ಬದಲು ತಾನೇ ಒತ್ತುತ್ತಾ, ಇಳಿಸುತ್ತಾ ಹೋಗುವ ಸಣ್ಣ ಪ್ರೋಗ್ರಾಂ ಒಂದನ್ನು ಸಂಜೆಯೊಳಗೆ ಬರೆದೆ. ನಿಯಮದಲ್ಲಿ ಅದು ಕೂಡದು ಎಂದಿದೆ. ಗೊತ್ತು. ನಿಯಮ ಮಾಡಿದವರಿಗೆ ಮೂವತ್ತೊಂಬತ್ತು ದಿನದಲ್ಲಿ ಪ್ರಬಂಧ ಒಪ್ಪಿಸುವುದಿಲ್ಲವಲ್ಲ.

ಮೇ 24, ಶನಿವಾರ

ಮುಗಿಯಿತು! ಆಪಿ ಬೆಳಿಗ್ಗೆ ಬಂದು ಏನೋ ನೋಡಿಕೊಂಡು ಆಗಷ್ಟೇ ರಗ್ಬಿ ಆಡಲು ಹೋಗಿದ್ದ. ಸೀಟು ಎಂದಿನಂತೆ ತೆರೆದೇ ಇತ್ತು. ಹತ್ತು ಗಂಟೆಗೆ ಪ್ರೋಗ್ರಾಂ ಹಚ್ಚಿ ಸಲಮಂಕಾ ಸಂತೆಗೆ ಹೋಗಿ ಬಿಸಿಬಿಸಿ ಚಿಪ್ಪುಮೀನಿನ ಪೈ ತಿಂದೆ. ಎರಡಕ್ಕೆ ವಾಪಸ್ ಬಂದಾಗ ಐದು ಸಾವಿರದ ಎಂಟುನೂರ ಎಪ್ಪತ್ತು ದಾಖಲೆ ನನ್ನ ಪೆನ್‌ಡ್ರೈವಿನಲ್ಲಿದ್ದವು. ಅಲ್ಲಿಗೆ ನಿಂತುಹೋಗಿತ್ತು. ಪರವಾಗಿಲ್ಲ, ಅಷ್ಟೇ ಧಾರಾಳ ಸಾಕು.

ಮೇ 26, ಸೋಮವಾರ

ನಿಂತುಹೋದದ್ದಲ್ಲ, ನಿಲ್ಲಿಸಿದ್ದರು. ಡೇಟಾಬೇಸಿನ ಕಂಪನಿಯವರು ಇಡೀ ವಿಶ್ವವಿದ್ಯಾಲಯದ ಬಾಗಿಲನ್ನೇ ಮುಚ್ಚಿದ್ದಾರೆ. ನಾಲ್ಕು ಸೀಟೂ ಇಲ್ಲ. ಔಷಧ ವಿಭಾಗದವರಿಗಿಲ್ಲ, ಮಣ್ಣಿನ ವಿಭಾಗದವರಿಗಿಲ್ಲ, ಯಾರಿಗೂ ಇಲ್ಲ.

ಹನ್ನೊಂದು ಗಂಟೆಗೆ ಪೈಬಸ್ಸಮ್ಮ ಖುದ್ದಾಗಿ ಲ್ಯಾಬಿಗೆ ಬಂದಳು. ಗ್ರಂಥಾಲಯ ಬಿಟ್ಟು ಈಚೆ ಬಂದದ್ದನ್ನು ಯಾರೂ ನೋಡಿರಲಿಲ್ಲ. ಕೈಯಲ್ಲಿ ಒಂದು ಹಾಳೆ.

"ಆಪಿಸಾಯಿ ನೈಂಗುಲೆವು ಯಾರು?"

"ನಾನೇ," ಎಂದು ಎದ್ದು ನಿಂತ. ಇನ್ನೂ ಸುರಕ್ಷತಾ ಕನ್ನಡಕ ಹಾಕಿಕೊಂಡೇ ಇದ್ದ.

"ಶನಿವಾರ ನಾಲ್ಕು ಗಂಟೆಯಲ್ಲಿ ಸುಮಾರು ಆರು ಸಾವಿರ ದಾಖಲೆ ಇಳಿಸಿದೀರಿ. ಇಷ್ಟು ಓದ್ತೀರೇನಪ್ಪಾ ನೀವು?"

ಅವನು ಹಾಳೆ ನೋಡಿದ. ಕಿಟಕಿ ಪಕ್ಕದ ಕಂಪ್ಯೂಟರ್ ನೋಡಿದ. ಅಲ್ಲಿದ್ದ ನಮ್ಮ ಯಾರ ಮುಖವನ್ನೂ ನೋಡಲಿಲ್ಲ. "ನನ್ನ ಹೆಸರಿಂದಲೇ ಆಗಿದೆ," ಅಂದ. ಅಷ್ಟೇ.

ಬಾಯಿ ತೆರೆದೆ, ಆದರೆ ಪೈಬಸ್ಸಮ್ಮ ಆಗಲೇ ಅವನನ್ನು ಕರೆದುಕೊಂಡು ಹೊರಟಿದ್ದಳು. ಇದು ನಿಜ. ಒಂದು ನಿಮಿಷ ಹೆಚ್ಚು ನಿಂತಿದ್ದರೆ ಹೇಳಿಬಿಡುತ್ತಿದ್ದೆ.

ಮೇ 27, ಮಂಗಳವಾರ

ಗ್ರೇಮ್ ಎಲ್ಲರನ್ನೂ ಕೂರಿಸಿಕೊಂಡು, "ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿ, ಉತ್ತರ ಬರುವ ಮೊದಲೇ "ಸರಿ, ಒಳ್ಳೇದು" ಎಂದು ಎದ್ದುಬಿಟ್ಟ. ಒಂದೇ ಹೆಸರಲ್ಲಿ ಐದು ಜನ ಹುಡುಕುವುದು ಆತನಿಗೂ ಗೊತ್ತು. ಆತನೂ ಆ ಮೌಸ್ ಅಲ್ಲಾಡಿಸಿದವನೇ.

ಮೂವತ್ತನಾಲ್ಕು ದಿನ.

ಮೇ 30, ಶುಕ್ರವಾರ

ವಿಷಯ ಶಿಸ್ತು ಸಮಿತಿಗೆ ಹೋಗಿದೆಯಂತೆ. ಜೂನ್ ಹದಿನಾರಕ್ಕೆ ವಿಚಾರಣೆ. ಆಪಿ ಇಲ್ಲಿ ಓದುತ್ತಿರುವುದು ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನದ ಮೇಲೆ. ನಡತೆ ಸರಿಯಿಲ್ಲ ಎಂದು ಬರೆದರೆ ಅದು ನಿಲ್ಲುತ್ತದೆ. ನಿಂತರೆ ವೀಸಾ ಇಲ್ಲ. ವೀಸಾ ಇಲ್ಲದಿದ್ದರೆ ಕಡಾವು.

ಚಹಾದ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಕೇಳಿದೆ. ಯಾಕೆ ಕೇಳಿದೆನೋ.

"ಲ್ಯಾಬಿನವರೆಲ್ಲ ಅದನ್ನ ಬಳಸ್ತಾರೆ ಅಂತ ಹೇಳ್ಬಾರ್ದಾ?"

"ಹೇಳಿದ್ರೆ ಐದು ಜನಾನೂ ಕೂರಿಸ್ತಾರೆ. ನೀನು ಮುಂದಿನ ತಿಂಗಳು ಒಪ್ಪಿಸ್ಬೇಕು. ಒಬ್ಬ ಹೋದ್ರೆ ಸಾಕಲ್ಲ."

"ಆದ್ರೆ ಮಾಡಿದ್ದು ನೀನಲ್ವಲ್ಲ."

"ಬಾಗಿಲು ತೆರೆದಿಟ್ಟು ಹೋಗಿದ್ದು ನಾನು ತಾನೇ?" ಎಂದು ನಕ್ಕ. "ನಮ್ಮೂರಲ್ಲಿ ಹಂದಿ ಪಕ್ಕದವರ ತೋಟಕ್ಕೆ ನುಗ್ಗಿದ್ರೆ ಹಂದೀನ ಯಾರೂ ಬೈಯಲ್ಲ, ಬ್ರೋನ್. ಬೇಲಿ ಹಾಕದೇ ಇದ್ದವನನ್ನ ಬೈತಾರೆ."

ಆ ಮಾತಿನಲ್ಲಿ ಹಂದಿ ನಾನು. ಅವನಿಗೆ ಅದು ಗೊತ್ತಿಲ್ಲ.

ನಾನು ಹೇಳಿದರೆ ನನ್ನ ನಾಲ್ಕು ವರ್ಷ ಮಣ್ಣುಪಾಲು. ಅವನದು ಇನ್ನೂ ಎರಡೇ ವರ್ಷ. ಲೆಕ್ಕ ಹಾಕಿದರೆ ನಷ್ಟ ಅವನಿಗೇ ಕಡಿಮೆ. ಬರೆದಾದ ಮೇಲೆ ಓದಿದೆ, ಅಸಹ್ಯವಾಗಿದೆ. ಆದರೆ ತಪ್ಪೇನೂ ಇಲ್ಲ.

ಜೂನ್ 3, ಮಂಗಳವಾರ

ಪಟ್ಟಿ ಚೆನ್ನಾಗಿ ಬರುತ್ತಿದೆ. ಇಡೀ ವಿಶ್ವವಿದ್ಯಾಲಯದಲ್ಲಿ ಕೆಲಸ ನಡೆಯುತ್ತಿರುವ ರಸಾಯನಶಾಸ್ತ್ರಜ್ಞೆ ನಾನೊಬ್ಬಳೇ ಇರಬೇಕು. ಪೆನ್‌ಡ್ರೈವನ್ನು ಕಾಲುಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತೇನೆ. ಇಪ್ಪತ್ತೇಳು ದಿನ.

ಜೂನ್ 5, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಆಪಿ ಒಂದು ಫ್ಲಾಸ್ಕ್ ತೋರಿಸಿದ. ಒಳಗೆ ಬಿಳಿ ಹರಳು. ಸಾರಜನಕ ತುಂಬಿದ, ಸಿಡಿಯುವ ಅಪಾಯವಿರುವ ಅಜೈಡ್ ಜಾತಿಯದು. ಹೊಸದಾಗಿ ಮಾಡಿದ್ದಾನೆ, ನಾಳೆ ಬೆಳಿಗ್ಗೆ ಸೋಸಿ ಒಣಗಿಸಬೇಕು.

"ಹಿಂದೆ ಯಾರಾದ್ರೂ ಇದನ್ನ ಒಣಗಿಸಿದಾರಾ ಅಂತ ನೋಡೋಣ ಅಂದ್ರೆ ಡೇಟಾಬೇಸೇ ಇಲ್ಲ," ಅಂದ. "ಲೆಕ್ಕದ ಪ್ರಕಾರ ಅಪಾಯ ಇಲ್ಲ. ಸಮಿತಿ ಕೂರೋದ್ರೊಳಗೆ ಇದೊಂದಾದ್ರೂ ಮುಗಿಸ್ಬೇಕು. ಕೈ ಬೀಸ್ಕೊಂಡು ಊರಿಗೆ ಹೋದ್ರೆ ನಮ್ಮಪ್ಪಂಗೆ ಏನು ತೋರಿಸ್ಲಿ?"

ಆ ಅಣುವಿನ ಆಕೃತಿಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಮನೆಗೆ ಬಂದು ನನ್ನ ರಾಶಿಯಲ್ಲಿ ಹುಡುಕಿದೆ. ಇದೆ. 1987ರ ಒಂದು ವರದಿ. ಇದೇ ಅಣು, ಒಂದು ಇಂಗಾಲ ಹೆಚ್ಚು, ಅಷ್ಟೇ. ಅಡಿಟಿಪ್ಪಣಿಯಲ್ಲಿ ಎರಡು ಸಾಲು: ಒಣಗಿಸಿದ ಮೇಲೆ ಚಮಚದಿಂದ ಕೆರೆದಾಗ ಸಿಡಿದಿದೆ, ಕೆಲಸ ಮಾಡುತ್ತಿದ್ದವರ ಮೂರು ಬೆರಳು ಹೋಗಿವೆ.

ಫೋನ್ ಮಾಡಿದರೆ "ಎಲ್ಲಿ ಓದಿದೆ?" ಎನ್ನುತ್ತಾನೆ. ಡೇಟಾಬೇಸ್ ಮುಚ್ಚಿ ಹತ್ತು ದಿನ ಆಯಿತು.

ಜೂನ್ 6, ಶುಕ್ರವಾರ

ಆರು ಗಂಟೆಗೇ ಲ್ಯಾಬಿನ ಬಾಗಿಲಲ್ಲಿದ್ದೆ. ಬೆಟ್ಟದ ಮೇಲೆ ಹಿಮ ಬಿದ್ದಿತ್ತು. ಆಪಿ ಬಂದವನೇ, "ಏನಮ್ಮಾ, ಸೂರ್ಯ ಯಾವ ಕಡೆ ಹುಟ್ಟಿದಾನೆ?" ಅಂದ. ಆ ಪುಟದ ಪ್ರಿಂಟನ್ನು ಕೊಟ್ಟೆ.

ನಿಂತಲ್ಲೇ ಓದಿದ. ಎರಡು ಸಲ ಓದಿದ. ಮೇಲಿನಿಂದ ಕೆಳಗಿನವರೆಗೆ, ಕೊನೆಯ ಸಾಲಿನವರೆಗೆ.

"ಹಳೇದು. ನನ್ನ ಹತ್ರ ಮುಂಚೆಯಿಂದ ಇತ್ತು," ಅಂದೆ.

"ಹೂಂ," ಅಂದ. ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿ ಜೇಬಿಗೆ ಹಾಕಿಕೊಂಡ. ಫ್ಲಾಸ್ಕಿಗೆ ಹಾಗೇ ನೀರು, ಅದನ್ನು ನಿಷ್ಕ್ರಿಯಗೊಳಿಸುವ ದ್ರಾವಣ ಸುರಿದು ನಾಶ ಮಾಡಿದ. ಆರು ವಾರದ ಕೆಲಸ. ಆಮೇಲೆ ತನ್ನ ಎರಡೂ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, "ಥ್ಯಾಂಕ್ಸ್ ಬ್ರೋನ್," ಅಂದ.

ಬಸ್ಸಿನಲ್ಲಿ ಕೂತಾಗ ನೆನಪಾಯಿತು. ಪ್ರಿಂಟ್ ತೆಗೆದರೆ ಪುಟದ ಕೆಳಗೆ ಇಳಿಸಿಕೊಂಡ ದಿನ ತಾನಾಗಿಯೇ ಬೀಳುತ್ತದೆ. ಮೇ 24. ಅದರ ಪಕ್ಕದಲ್ಲಿ ಅವನದೇ ಹೆಸರು. ಸಣ್ಣ ಅಕ್ಷರ. ಅವನು ಗಮನಿಸಿರಲಾರ.

ಜೂನ್ 7, ಶನಿವಾರ

ಗಮನಿಸಿರಲಾರ.

ಜೂನ್ 11, ಬುಧವಾರ

ಗ್ರಂಥಾಲಯಕ್ಕೆ ಹೋದೆ. ಹೇಳಲೆಂದೇ ಹೋದೆ, ಮನೆಯಿಂದ ಹೊರಡುವಾಗ ವಾಕ್ಯ ಕೂಡ ಜೋಡಿಸಿಕೊಂಡಿದ್ದೆ.

ಪೈಬಸ್ಸಮ್ಮನ ಮೇಜಿನ ಮುಂದೆ ಆರು ಜನ ಸಾಲಾಗಿ ನಿಂತಿದ್ದರು. ಅವರವರಿಗೆ ಬೇಕಾದ ಅಣುವನ್ನು ಚೀಟಿಯಲ್ಲಿ ಬರೆಸಿಕೊಂಡು, ಬೇರೆ ಊರಿನ ಗ್ರಂಥಾಲಯಗಳಲ್ಲಿರುವ ತನ್ನ ಗೆಳತಿಯರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಹುಡುಕಿಸುತ್ತಿದ್ದಳು. "ಎಡಗಡೆ ಉಂಗುರ ಕಣೇ, ಬಲಗಡೆ ಅಲ್ಲ. ಆರು ಮೂಲೆ. ಹೂಂ, ತುದೀಲಿ ಕ್ಲೋರಿನ್." ಹದಿನೈದು ದಿನದಿಂದ ಹೀಗೇ ನಡೆಸಿದ್ದಾಳಂತೆ. ಧ್ವನಿ ಕೂತುಹೋಗಿತ್ತು.

ನನ್ನ ಸರದಿ ಬಂದಾಗ ಆಕೆಯೇ ಮಾತು ತೆಗೆದರು. "ನೀನು ಆ ಹುಡುಗನ ಲ್ಯಾಬಿನವಳಲ್ವಾ? ತಪ್ಪೊಪ್ಪಿಗೆ ಬರ್ಕೊಟ್ಟಿದಾನೆ. ಒಂದೇ ಸಾಲು. ಇಪ್ಪತ್ತೆಂಟು ವರ್ಷದಿಂದ ಈ ಕುರ್ಚಿಲಿ ಕೂತಿದೀನಿ, ಸುಳ್ಳು ಹೇಳೋರು ಪುಟಗಟ್ಟಲೆ ಬರೀತಾರೆ. ಇವನು ಒಂದು ಸಾಲು ಬರ್ದಿದಾನೆ, ಅದಕ್ಕೇ ನಂಗೆ ನಿದ್ದೆ ಬರ್ತಿಲ್ಲ." ಆಮೇಲೆ ದನಿ ತಗ್ಗಿಸಿ, "ಶುಕ್ರವಾರ ಅವರತ್ತೆ ಬರ್ತಾರಂತೆ. ಅವರ ಕಡೆ ಪದ್ಧತಿಯಂತೆ, ಮನೆಯವರು ಬಂದು ಕ್ಷಮೆ ಕೇಳೋದು. ಅದೆಲ್ಲ ಬೇಡ, ನಂಗೆ ಸಂಕೋಚ ಆಗುತ್ತೆ ಅಂದೆ. ಕೇಳಿಸ್ಕೊಳ್ಳೋ ಹೆಂಗಸೇ ಅಲ್ಲ. ನಿಂಗೇನು ಬೇಕಿತ್ತಮ್ಮಾ?"

ಸ್ಟೇಪ್ಲರ್ ಇದೆಯಾ ಎಂದು ಕೇಳಿದೆ.

ಕೊಟ್ಟರು. ನನ್ನ ಹತ್ತಿರ ಪಿನ್ ಹೊಡೆಯಲು ಒಂದು ಹಾಳೆಯೂ ಇರಲಿಲ್ಲ. ಮಾರ್ಲೀನ್ ಅದನ್ನು ನೋಡಿದರು.

ಜೂನ್ 16, ಸೋಮವಾರ

ಶುಕ್ರವಾರದ್ದನ್ನು ಬರೆಯಲು ಮೂರು ದಿನ ಬೇಕಾಯಿತು. ಮೊದಲು ಇವತ್ತಿನದನ್ನು ಬರೆದು ಮುಗಿಸುತ್ತೇನೆ. ಸಮಿತಿ ಕೂತಿತು. ಅದರ ಎದುರು ಕೂತವಳು ನಾನು. ಪಟ್ಟಿ ಅಳಿಸಬೇಕು, ಪೆನ್‌ಡ್ರೈವ್ ಒಪ್ಪಿಸಬೇಕು, ಆರು ತಿಂಗಳು ಪ್ರಬಂಧ ಕೊಡುವಂತಿಲ್ಲ. ಆಪಿಗೆ ಪಾಸ್‌ವರ್ಡ್ ಹಂಚಿದ್ದಕ್ಕೆ ಒಂದು ಎಚ್ಚರಿಕೆ ಪತ್ರ, ವಿದ್ಯಾರ್ಥಿವೇತನ ಉಳಿಯಿತು. ಗ್ರೇಮ್ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಡೇಟಾಬೇಸ್ ಬುಧವಾರ ತೆರೆಯುತ್ತದಂತೆ.

ಇನ್ನು ಶುಕ್ರವಾರ.

ಗ್ರಂಥಾಲಯದ ಎರಡನೇ ಮಹಡಿಯ ಸಭೆಯ ಕೋಣೆ. ಮೇಜುಗಳನ್ನು ಗೋಡೆಗೆ ಸರಿಸಿದ್ದರು. ನಾವು ಲ್ಯಾಬಿನವರೆಲ್ಲ ಕೋಟು ಹಾಕಿಕೊಂಡೇ ಬಾಗಿಲ ಹತ್ತಿರ ನಿಂತಿದ್ದೆವು. ಗ್ರೇಮ್ ಗಡಿಯಾರ ನೋಡಿಕೊಳ್ಳುತ್ತಿದ್ದ. ಮಾರ್ಲೀನ್ ಕುರ್ಚಿಯ ತುದಿಯಲ್ಲಿ, ದಂತವೈದ್ಯರ ಹತ್ತಿರ ಬಂದವರ ಹಾಗೆ ಕೂತಿದ್ದರು.

ಆಪಿಯ ಅತ್ತೆ ಕೆಲೆರಾ ವೃದ್ಧಾಶ್ರಮದಲ್ಲಿ ಕೆಲಸ ಮಾಡುವವರು, ಪಾಳಿ ಮುಗಿಸಿ ನೇರ ಬಂದಿದ್ದರು. ನೆಲಕ್ಕೆ ಚಾಪೆ ಹಾಸಿ ಕೂತರು. ಹಿಂದೆ ಆಪಿ, ತಲೆ ಬಗ್ಗಿಸಿಕೊಂಡು. ಅವರ ಕೈಯಲ್ಲಿ ಯಂಗೋನಾ ಬೇರಿನ ಒಂದು ಕಟ್ಟು ಇತ್ತು. ಅವರ ಕಡೆ ಅದನ್ನು ಕುಟ್ಟಿ ನೀರಿಗೆ ಹಾಕಿ ಕುಡಿಯುತ್ತಾರೆ, ಮದುವೆಗೂ ಅದೇ, ಸಾವಿಗೂ ಅದೇ, ಕ್ಷಮೆಗೂ ಅದೇ.

"ಇದು ಗಂಡಸರು ಮಾಡೋ ಕೆಲಸ," ಎಂದು ಶುರುಮಾಡಿದರು. "ಇವರಪ್ಪ ಕಡಾವುನಲ್ಲವ್ನೆ. ಈ ಊರಲ್ಲಿ ನಮ್ಮನೆ ಗಂಡಸು ಅಂದ್ರೆ ನಾನೇ. ಒಸಿ ಹೊಂದಿಸ್ಕೊಳಿ."

ಯಾರೋ ನಕ್ಕರು. ಅವರು ನಗಲಿಲ್ಲ. ಬೊಗಸೆ ಮಾಡಿದ ಅಂಗೈಗಳನ್ನು ಮೂರು ಸಲ ತಟ್ಟಿದರು. ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಏನೋ ಹೇಳಿದರು. ಆಮೇಲೆ ನಮಗೆ ತಿಳಿಯುವ ಹಾಗೆ ಮತ್ತೆ ಹೇಳಿದರು.

"ಇವ್ನು ಆಪಿಸಾಯಿ. ನಮ್ಮಣ್ಣ ರತು ಇಲಿಯೆಸಾನ ಮಗ. ನೀವು ಇವನ್ನ ನಂಬಿ ಮನೆ ಬಾಗಿಲು ತೆರೆದ್ರಿ. ಇವ್ನು ಆ ಮನೇನ ಹಾಳು ಮಾಡ್ದ. ಓದೋರಿಗೆಲ್ಲ ತೊಂದ್ರೆ ಆಯ್ತು. ತಪ್ಪು ಇವನೊಬ್ಬಂದಲ್ಲ ತಾಯಿ, ನಮ್ಮ ಇಡೀ ಮನೇದು. ಇದನ್ನ ತಗೊಂಡು ಮನಸ್ಸಲ್ಲಿರೋದನ್ನ ಬಿಟ್ಬಿಡಿ."

ಅರವತ್ತು ದಾಟಿದ ಹೆಂಗಸು. ಬೆಳಗಿನಿಂದ ಮುದುಕರನ್ನು ಎತ್ತಿ ಕೂರಿಸಿ ಸೊಂಟ ಸವೆಸಿಕೊಂಡು ಬಂದು, ನಾನು ಪೈ ತಿನ್ನುತ್ತಾ ಮಾಡಿದ ಕೆಲಸಕ್ಕೆ ನೆಲದ ಮೇಲೆ ಕೂತು ತಲೆ ಬಾಗಿಸಿದ್ದರು.

ಆಗ ನಾನು ಏನನ್ನೂ ತೀರ್ಮಾನಿಸಲಿಲ್ಲ. ಜೋಡಿಸಿಟ್ಟುಕೊಂಡ ವಾಕ್ಯವೂ ನೆನಪಾಗಲಿಲ್ಲ. ಹೋಗಿ ಆಪಿಯ ಪಕ್ಕ ಕೂತೆ. ಬೂಟು ಬಿಚ್ಚಬೇಕಿತ್ತೋ ಏನೋ, ಬಿಚ್ಚಲಿಲ್ಲ. ಆಪಿ ತಲೆ ಎತ್ತದೆಯೇ ಸ್ವಲ್ಪ ಜರುಗಿ ಚಾಪೆಯಲ್ಲಿ ಜಾಗ ಮಾಡಿದ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ಅವನಲ್ಲ. ನಾನು ಮಾಡಿದ್ದು," ಅಂದೆ.

"ಬ್ರೋನ್, ಏಳು ಮೇಲೆ," ಅಂದ ಗ್ರೇಮ್. "ಇದನ್ನ ನನ್ನ ರೂಮಲ್ಲಿ ಮಾತಾಡೋಣ."

ಕೆಲೆರಾ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ಅಂಥ ಕೋಪವನ್ನು ನಾನು ಅಷ್ಟು ಹತ್ತಿರದಿಂದ ಯಾವತ್ತೂ ಕಂಡಿಲ್ಲ.

"ಹದಿನೆಂಟು ದಿನ," ಅಂದರು. "ಹದಿನೆಂಟು ದಿನದಿಂದ ನಮ್ಮ ಹುಡುಗ ಸರಿಯಾಗಿ ಉಂಡಿಲ್ಲ. ನೀನು ಉಂಡ್ಯಾ?"

"ಉಂಡೆ."

ಬೇರಿನ ಕಟ್ಟು ಇನ್ನೂ ಅವರ ಕೈಯಲ್ಲೇ ಇತ್ತು. ಅದನ್ನು ತೆಗೆದುಕೊಂಡು ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಬೇಕಾದದ್ದೂ ನ್ಯಾಯವೇ.

"ನಿನ್ನ ಕಡೆಯೋರು ಯಾರು ಬಂದವ್ರೆ?"

"ಯಾರೂ ಇಲ್ಲ."

"ಯಾರೂ ಇಲ್ದೆ ಒಬ್ಳೇ ಬಂದು ಕ್ಷಮೆ ಕೇಳ್ತೀಯಾ? ತಪ್ಪು ಮಾಡಿದ್ ಬಾಯಲ್ಲೇ ಕ್ಷಮೆ ಕೇಳಕ್ಕಾಗಲ್ಲ ಹುಡ್ಗಿ. ಬಾಯ್ಮುಚ್ಚು. ತಲೆ ತಗ್ಗಿಸು." ನಾನು ತಗ್ಗಿಸಿದೆ. "ನಿಮ್ಮವ್ವನ ಹೆಸರೇನು?"

"ಡೆನಿಸ್."

"ಊರು?"

"ಕ್ವೀನ್ಸ್‌ಟೌನ್."

ಚಾಪೆ ಸದ್ದು ಮಾಡಿತು. ಅವರು ಸರಿದು ನನ್ನ ಮುಂದೆ ಬಂದು ಕೂತದ್ದು ಅದು. ನನಗೆ ಕಾಣುತ್ತಿದ್ದದ್ದು ಅವರ ನೀಲಿ ಸಮವಸ್ತ್ರದ ಬೆನ್ನು ಮಾತ್ರ, ಭುಜದ ಹತ್ತಿರ ಗಂಜಿಯ ಕಲೆ. ಮತ್ತೆ ಮೂರು ಸಲ ಕೈ ತಟ್ಟಿದರು. ಮತ್ತೆ ಮೊದಲಿನಿಂದ ಶುರುಮಾಡಿದರು.

"ಇವ್ಳು ಬ್ರೋನ್. ಕ್ವೀನ್ಸ್‌ಟೌನಿನ ಡೆನಿಸಮ್ಮನ ಮಗಳು. ನೀವು ಇವಳನ್ನ ನಂಬಿ ಮನೆ ಬಾಗಿಲು ತೆರೆದ್ರಿ. ಇವ್ಳು ತಪ್ಪು ಮಾಡವ್ಳೆ. ತಪ್ಪು ಇವಳೊಬ್ಬಳದಲ್ಲ ತಾಯಿ. ನಮ್ಮ ಹುಡುಗಿ."